ಜಿಪ್ಪಣ್ಣನ ಷಟರು

ಮೂವತ್ತು ವರ್ಷಗಳಲ್ಲಿ ಊರಿನ ಲೆಕ್ಕವಿಲ್ಲದಷ್ಟು ಬ್ಯಾಗುಗಳ ಬಾಯಿ ಮುಚ್ಚಿಸಿದ ಜಿಪ್ಪಣ್ಣನಿಗೆ ತನ್ನ ಬಾಯಿ ಮುಚ್ಚಿಕೊಳ್ಳುವುದು ಮಾತ್ರ ಬಂದಿರಲಿಲ್ಲ. ಕೆಟ್ಟ ಜಿಪ್ಪನ್ನು ಕಿವಿಯ ಹತ್ತಿರ ಹಿಡಿದು ಸರ್ರನೆ ಎಳೆದರೆ ಸಾಕು, ಎಷ್ಟನೇ ಹಲ್ಲು ಸೊಟ್ಟಗಿದೆ ಎಂದು ಹೇಳಬಲ್ಲ ನಿಪುಣ. ಆದರೆ ಹೇಳಿಸಿಕೊಳ್ಳಲು ಗಿರಾಕಿ ಬೇಕಲ್ಲ! ಬೀದಿಯ ಹದಿನಾಲ್ಕು ಅಂಗಡಿಗಳಲ್ಲಿ ಹದಿಮೂರರ ಷಟರ್ ಬಿದ್ದು, ತುಕ್ಕು ಹಿಡಿದು, ಮೆಟ್ಟಿಲ ಮೇಲೆ ಬೆಕ್ಕುಗಳು ಸಂಸಾರ ಹೂಡಿದ್ದವು.

"ಈ ತಿಂಗಳು ನೋಡ್ತೀನಿ," ಎಂದಳು ಹೆಂಡತಿ. "ಆಮೇಲೆ ನನ್ನ ತಮ್ಮನ ಟೈರ್ ಅಂಗಡೀಲಿ ಗಾಳಿ ತುಂಬೋಕೆ ಹೋಗಿ."

ಬಾವಮೈದುನನ ಕೈಕೆಳಗೆ ಗಾಳಿ ತುಂಬಿದರೆ ತನ್ನ ಗಾಳಿ ಪೂರಾ ಇಳಿಯುವುದು ಜಿಪ್ಪಣ್ಣನಿಗೆ ಗೊತ್ತಿತ್ತು.

ಅಷ್ಟರಲ್ಲಿ ಮುಚ್ಚಿದ ಷಟರುಗಳ ಮೇಲೆ ಚಿತ್ರ ಬಿಡಿಸಲು ಬೀದಿಗೆ ಕಲಾವಿದರ ದಂಡು ಬಂತು. ನಿವೃತ್ತ ಮೇಷ್ಟ್ರು ಏಣಿ ಕೊಟ್ಟರು. ಎದುರುಮನೆಯ ಅಜ್ಜಿ ತೋಳೇರಿಸಿ ತುಕ್ಕು ಉಜ್ಜಲು ನಿಂತಳು.

"ತಿಪ್ಪರಲಾಗ ಹಾಕಿದ್ರೂ ಈ ಬೀದಿ ಉದ್ಧಾರ ಆಗಲ್ಲ," ಎಂದ ಜಿಪ್ಪಣ್ಣ, ಯಾರೂ ಕೇಳದಿದ್ದರೂ.

"ನಿಮ್ಮ ಷಟರ್ ಮೇಲೆ ನಿಮ್ಮನ್ನೇ ಬರೀತೀನಿ ಅಂಕಲ್," ಎಂದಳು ಗುಂಗುರುಕೂದಲಿನ ಚಿತ್ರಗಾರ್ತಿ.

ಮರುದಿನ ಬೆಳಿಗ್ಗೆ ಜಿಪ್ಪಣ್ಣ ಇಸ್ತ್ರಿ ಪ್ಯಾಂಟು ಏರಿಸಿ, ಮೀಸೆ ತೀಡಿ, ಓಡೋಡಿ ಬಂದು ನಿಂತ. ಗಡಿಬಿಡಿಯಲ್ಲಿ ಒಂದು ಕೆಲಸ ಮರೆತ. ಅದು ಆಮೇಲೆ.

ಚಿತ್ರ ಷಟರಿನ ತುದಿಯಿಂದ ಬುಡದವರೆಗೆ ಎದ್ದು ನಿಂತಿತು. ಆಹಾ, ಆ ಮೀಸೆ! ಜನ ಹಿಂಡುಹಿಂಡಾಗಿ ಬಂದರು. ಷಟರ್ ಎತ್ತಿದರೆ ಚಿತ್ರ ಸುತ್ತಿಕೊಂಡುಬಿಡುತ್ತದಲ್ಲ, ಹಾಗಾಗಿ ಜಿಪ್ಪಣ್ಣ ಹಿಂಬಾಗಿಲಿಂದ ನುಸುಳಿ, ಒಳಗೆ ಕತ್ತಲಲ್ಲಿ ಕೂತು ತನ್ನ ಹೊಗಳಿಕೆ ಕೇಳತೊಡಗಿದ. ಹತ್ತು ದಿನ ಕಳೆದರೂ ಒಂದು ಗಿರಾಕಿಯಿಲ್ಲ.

ಹನ್ನೊಂದನೇ ದಿನ ಹೊರಗೆ ಒಂದು ಹೆಣ್ಣುದನಿ ಕೇಳಿತು. "ಯಾರ್ರೀ ಇವರು?"

"ಜಿಪ್ಪು ರಿಪೇರಿ ಮಾಡ್ತಿದ್ರಂತೆ. ಹೋಗ್ಬಿಟ್ರು ಅನ್ಸುತ್ತೆ, ಪಾಪ."

"ಅಯ್ಯೋ! ಇದ್ದಿದ್ರೆ ನನ್ನ ಸೂಟ್‌ಕೇಸ್ ಕೊಡ್ತಿದ್ದೆ."

"ಇದ್ದೀನಮ್ಮಾ, ಬದುಕಿದ್ದೀನಿ!" ಎಂದು ಕೂಗುತ್ತ ಜಿಪ್ಪಣ್ಣ ಷಟರ್ ಎತ್ತಿದ. ಷಟರ್ ಸುತ್ತಿಕೊಳ್ಳುವ ಮೇಲಿನ ಪೆಟ್ಟಿಗೆ ಮೊದಲು ಚಿತ್ರದ ತಲೆಯನ್ನು ನುಂಗಿತು, ಆಮೇಲೆ ಮೀಸೆಯನ್ನು, ಎದೆಯನ್ನು. ಮೂರಡಿ ಎತ್ತುವಷ್ಟರಲ್ಲಿ ಷಟರ್ ಕಚ್ಚಿಕೊಂಡು ನಿಂತಿತು. ಈಗ ಬೀದಿಗೆ ಕಾಣುತ್ತಿದ್ದುದು ಬರೀ ಪ್ಯಾಂಟು.

ಮರುಕ್ಷಣ ಬೀದಿಗೆ ಬೀದಿಯೇ ಬಿದ್ದುಬಿದ್ದು ನಕ್ಕಿತು. ಮೀಸೆ ಇದ್ದಷ್ಟು ದಿನ ಯಾರೂ ಅತ್ತ ನೋಡಿರಲಿಲ್ಲ: ಚಿತ್ರದಲ್ಲಿ ಜಿಪ್ಪಣ್ಣನ ಪ್ಯಾಂಟಿನ ಜಿಪ್ಪು ಪೂರಾ ತೆರೆದಿತ್ತು!

"ಕಂಡಿದ್ದು ಕಂಡ ಹಾಗೆ ಬರೆದೆ ಅಂಕಲ್," ಎಂದಳು ಎದುರಿನ ಷಟರಿಗೆ ಬಣ್ಣ ಹಚ್ಚುತ್ತಿದ್ದ ಚಿತ್ರಗಾರ್ತಿ. "ಹೇಳೋಕೆ ನಾಚಿಕೆ ಆಯ್ತು."

"ಬರೆಯೋಕೆ ಆಗ್ಲಿಲ್ವಾ? ನಾಳೆನೇ ಮುಚ್ಚು!"

ಮರುದಿನ ಅವಳು ಕುಂಚ ಹಿಡಿದು ಬಂದಾಗ ಬಾಗಿಲಲ್ಲಿ ಸಾಲು. ಷಟರ್ ಇನ್ನೂ ಮೂರಡಿಯಲ್ಲೇ ಕಚ್ಚಿಕೊಂಡಿತ್ತು. ಸೂಟ್‌ಕೇಸಿನವಳು, ಶಾಲೆಯ ಚೀಲದವರು, ಡೇರೆ ಹೊತ್ತು ತಂದವರು, "ಜಿಪ್ಪು ತೆರೆದ ಅಣ್ಣನ ಅಂಗಡಿ ಇದೇನಾ?" ಎಂದು ಕೇಳಿಕೊಂಡು ಒಬ್ಬೊಬ್ಬರಾಗಿ ಬಗ್ಗಿ ಒಳಬರುತ್ತಿದ್ದರು. ಪಕ್ಕದ ಷಟರನ್ನೂ ಯಾರೋ ಎತ್ತಿ, ಬೆಕ್ಕುಗಳ ಕ್ಷಮೆ ಕೇಳಿ, ಚಹಾ ಕಾಯಿಸತೊಡಗಿದ್ದರು.

ಸಾಲಿನ ಕೊನೆಯಲ್ಲಿ ಬಾವಮೈದುನ. ಕರೆದೊಯ್ಯಲು ಬಂದವನ ಜಾಕೆಟ್ಟು ಕತ್ತಿನ ಹತ್ತಿರ ಸಿಕ್ಕಿಹಾಕಿಕೊಂಡಿತ್ತು.

"ಬಾವಾ, ಮೊದಲು ಇದನ್ನ ಬಿಡಿಸಿ, ಉಸಿರು ಕಟ್ತಿದೆ."

"ಸಾಲಲ್ಲಿ ಬಾರಪ್ಪಾ," ಎಂದ ಜಿಪ್ಪಣ್ಣ.

"ಅಂಕಲ್, ಬಣ್ಣ ಒಣಗ್ತಿದೆ. ಮುಚ್ಚಲಾ?"

ಜಿಪ್ಪಣ್ಣ, ಸಾಲು ನೋಡಲು ಬಂದಿದ್ದ ಹೆಂಡತಿಯತ್ತ ನೋಡಿದ. ನಕ್ಕು ನಕ್ಕು ಕಣ್ಣೀರು ಒರೆಸಿಕೊಳ್ಳುತ್ತಿದ್ದ ಅವಳು ತಲೆಯಾಡಿಸಿ ಬೇಡವೆಂದಳು.

"ಇರ್ಲಿ ಬಿಡಮ್ಮಾ," ಎಂದ. "ಮಾನ ಹೇಗೂ ಹೋಯ್ತು, ಗಿರಾಕಿನೂ ಯಾಕೆ ಹೋಗ್ಬೇಕು?"

ಷಟರ್ ಈಗಲೂ ಮೂರೇ ಅಡಿ ಮೇಲೇಳುತ್ತದೆ, ರಿಪೇರಿಗೆ ಪುರುಸೊತ್ತಿಲ್ಲ. ಆದರೆ ಪ್ರತಿದಿನ ಅದಕ್ಕೆ ಕೈಹಾಕುವ ಮುನ್ನ ಜಿಪ್ಪಣ್ಣ ಒಮ್ಮೆ ಕೆಳಗೆ ನೋಡಿಕೊಳ್ಳುತ್ತಾನೆ.