ಹತ್ತಿಗಿರಣಿಯ ಹಾಡು, ಗೇರುಬೀಜದ ಹಾಡು

ಮೊನ್ನೆ ಶುಕ್ರವಾರ ಬೆಳಿಗ್ಗೆ, ನಾನಿರುವ ಈ ಕೊಲ್ಲಿ ದೇಶದ ಅಲ್ ಮನ್ಸೂರಾದ ಹೋಟೆಲೊಂದರಲ್ಲಿ ಶೀರಾಕ್ಕೆ ಕಾದು ಕುಳಿತಿದ್ದೆ. ಒಳಗಿನಿಂದ ತುಪ್ಪದಲ್ಲಿ ಗೇರುಬೀಜ ಹುರಿಯುವ ವಾಸನೆ ಬಂತು. ನಿಮಗಾದರೆ ಅದು ಮದುವೆಯೂಟವನ್ನು ನೆನಪಿಸಬಹುದು. ನನಗೆ ನೆನಪಾದದ್ದು ವಾಲ್ಟರ್ ಎಂಬ ಅಮೆರಿಕದ ಮುದುಕರು. ಅಮೆರಿಕಕ್ಕೂ ಶೀರಾಕ್ಕೂ ಎಲ್ಲಿಯ ಸಂಬಂಧ ಎಂದು ಈಗಲೇ ಎದ್ದು ಹೋಗಬೇಡಿ, ಸ್ವಲ್ಪ ಕುಳಿತುಕೊಳ್ಳಿ.

ಆಗ ನಾನು ಇದೇ ದೇಶದ ಅಲ್ ಖೋರ್‌ನಲ್ಲಿದ್ದೆ. ಗ್ಯಾಸ್ ಪ್ಲಾಂಟಿನ ಆಫೀಸಿನಲ್ಲಿ ಡ್ರಾಯಿಂಗುಗಳಿಗೆ ನಂಬರು ಹಚ್ಚಿ ಕಪಾಟಿನಲ್ಲಿಡುವ ಕೆಲಸ. ಊರಿನಲ್ಲಿ ಮಾತ್ರ ಅದನ್ನು ‘ಆಯಿಲ್ ಎಂಡ್ ಗ್ಯಾಸ್‌ನಲ್ಲಿದ್ದೇನೆ’ ಎಂದು ಹೇಳುತ್ತಿದ್ದೆ. ಸುಳ್ಳೂ ಅಲ್ಲ, ನಿಜವೂ ಅಲ್ಲ. ನಸುಕಿನಲ್ಲೇ ಕಂಪನಿ ಬಸ್ಸು ಹೊರಡುತ್ತಿತ್ತು. ಚಳಿಗಾಲದಲ್ಲಿ ದಾರಿಯುದ್ದಕ್ಕೂ ಮಂಜು; ಮರಳು ಯಾವುದು, ಸಮುದ್ರ ಯಾವುದು ತಿಳಿಯದು. ದೂರದಲ್ಲಿ ಪ್ಲಾಂಟಿನ ಜ್ವಾಲೆ ಮಾತ್ರ ಯಾರೋ ಆಕಾಶದಲ್ಲಿ ದೀಪ ಹಚ್ಚಿಟ್ಟು ಮರೆತು ಹೋದಂತೆ ಕಾಣುತ್ತಿತ್ತು. ಬಸ್ಸಿನಲ್ಲಿ ಎಲ್ಲರೂ ಅರೆನಿದ್ದೆಯಲ್ಲಿ ತೂಕಡಿಸುತ್ತಿದ್ದೆವು.

ಕಾರ್ಮಿಕರಿಗೆ ಸುರಕ್ಷತೆಯ ಪಾಠ ಹೇಳುವವರಾಗಿದ್ದ ವಾಲ್ಟರ್‌ಗೆ ಸ್ವಂತ ಕಾರಿತ್ತು. ಕಣ್ಣಿನ ಆಪರೇಷನ್ ಆದ ಮೇಲೆ ಡಾಕ್ಟರು ಕೆಲವು ದಿನ ಓಡಿಸಬಾರದು ಎಂದರಂತೆ. ಬಸ್ಸಿಗೆ ಬಂದವರು ಕಣ್ಣು ಸರಿಯಾದ ಮೇಲೂ ಬಸ್ಸನ್ನು ಬಿಡಲಿಲ್ಲ. ನನ್ನ ಪಕ್ಕದ ಸೀಟು ಅವರದಾಯಿತು. ಕಿವಿಗೆ ಸದಾ ಇಯರ್‌ಫೋನ್. ಒಂದು ದಿನ ನಾನು ಕದ್ದು ನೋಡುತ್ತಿರುವುದನ್ನು ಕಂಡು ಒಂದು ತುದಿಯನ್ನು ನನ್ನ ಕಿವಿಗೆ ಕೊಟ್ಟರು.

ಅಮೆರಿಕದ ಹಾಡೆಂದರೆ ಡ್ರಮ್ಮು, ಗಿಟಾರು, ಕಿರುಚಾಟ ಎಂದುಕೊಂಡಿದ್ದೆ. ಇದರಲ್ಲಿ ವಾದ್ಯವೇ ಇರಲಿಲ್ಲ. ಒಬ್ಬ ಹೆಂಗಸಿನ ಒಡಕು ದನಿ. ಸಾಲಿನ ಕೊನೆಯಲ್ಲಿ ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. ಹತ್ತಿಗಿರಣಿಯಲ್ಲಿ ದುಡಿಯುವ ಹೆಂಗಸರ ಹಾಡಂತೆ. ಕಲ್ಲಿದ್ದಲ ಗಣಿಯವರದು, ರೈಲುಹಳಿ ಹಾಕುವವರದು, ಮರ ಕಡಿಯುವವರದು ಹೀಗೆ ಎಷ್ಟೋ ಹಾಡುಗಳು ಅವರ ಬಳಿ ಇದ್ದವು. ಹಿಂದೆ ಕಾಲೇಜಿನವರು ದನಿ ಹಿಡಿಯುವ ಯಂತ್ರ ಹೊತ್ತುಕೊಂಡು ಮನೆಮನೆಗೆ ಹೋಗಿ ಹಿಡಿದಿಟ್ಟ ಹಾಡುಗಳಂತೆ ಅವು. ಆದರೆ ಅವರು ಮತ್ತೆ ಮತ್ತೆ ಕೇಳುತ್ತಿದ್ದದ್ದು ಗಿರಣಿಯ ಹಾಡನ್ನೇ.

“ಹಿಂದೆ ಮಗು ಅಳುವುದು ಕೇಳಿತೇ?” ಎಂದರು.

ಹೌದು, ಕೇಳುತ್ತಿತ್ತು.

“ಅದು ನಾನು. ಹಾಡುವವಳು ನನ್ನ ತಾಯಿ. ನನಗೆ ಎರಡು ತುಂಬುವ ಮೊದಲೇ ಹೋಗಿಬಿಟ್ಟಳು. ಅವಳ ಮುಖ ನೆನಪಿಲ್ಲ. ಇದೊಂದೇ ಉಳಿದದ್ದು.”

ನಾನು ಕಿಟಕಿಯ ಮಂಜನ್ನು ಒರೆಸಿದೆ. ಅವರು ಕೇಳಿದರು, “ನಿನ್ನ ತಾಯಿ ಹಾಡುತ್ತಿದ್ದರೇ?”

“ಇಲ್ಲ,” ಎಂದೆ, “ಅವರು ಟೀಚರ್ ಆಗಿದ್ದರು.”

“ಟೀಚರುಗಳಿಗೂ ಬಾಯಿ ಇರುತ್ತದಲ್ಲ!” ಎಂದು ನಕ್ಕರು.

ಅಮ್ಮ ಟೀಚರ್ ಆಗಿರಲಿಲ್ಲ. ಪುತ್ತೂರಿನ ಕಡೆಯ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆಯುತ್ತಿದ್ದಳು. ಸಿಪ್ಪೆಯ ಎಣ್ಣೆ ತಾಗಿ ಕೈ ಸುಟ್ಟು ಕಪ್ಪಾಗುತ್ತಿತ್ತು, ಯಾವ ಸಾಬೂನಿಗೂ ಹೋಗುತ್ತಿರಲಿಲ್ಲ. ಸಾಲಾಗಿ ಕುಳಿತ ಹೆಂಗಸರೆಲ್ಲ ಹಾಡುತ್ತಿದ್ದರು. ಹೊರಗಿನ ರಸ್ತೆಗೂ ಕೇಳುತ್ತಿತ್ತು. ಹೈಸ್ಕೂಲಿಗೆ ಹೋಗುವಾಗ ನಾನು ಆ ರಸ್ತೆ ಬಿಟ್ಟು ಬಳಸುದಾರಿ ಹಿಡಿಯುತ್ತಿದ್ದೆ. ಒಮ್ಮೆ ಮಾತ್ರ ತಪ್ಪಿಸಲಾಗಲಿಲ್ಲ. ಗೆಳೆಯರೊಡನೆ ಬರುತ್ತಿದ್ದಾಗ ಅಮ್ಮ ಎದುರೇ ಬಂದಳು. ನಾನು ಪಕ್ಕದ ಅಂಗಡಿಯ ಬೋರ್ಡನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ. ಅಮ್ಮ ದಾಟಿ ಹೋದಳು. ಅವಳು ಗಮನಿಸಿಲ್ಲ ಎಂದೇ ನಾನು ಅಷ್ಟು ವರ್ಷ ನಂಬಿಕೊಂಡಿದ್ದೆ. ನಮಗೆ ಬೇಕಾದುದನ್ನು ನಂಬುವುದಕ್ಕೆ ಕಷ್ಟವೇನಿದೆ ಹೇಳಿ?

ಆ ವರ್ಷ ರಜೆಗೆ ಹೊರಟಾಗ ವಾಲ್ಟರ್ ಹೇಳಿದರು: “ಅವರ ದನಿ ಹಿಡಿದು ತಾ. ಏನು ಹಾಡಿದರೂ ಸರಿ.”

ಅಮ್ಮ ಆಗ ಅಕ್ಕನ ಮನೆಯಲ್ಲಿದ್ದಳು. ಫೋನನ್ನು ಎದುರಿಗಿಟ್ಟು ಕಾರ್ಖಾನೆಯ ಹಾಡು ಹೇಳು ಎಂದೆ. ನಮ್ಮ ಮನೆಮಾತು ತುಳು. ಅವಳ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ನಿನಗೆಂತ ಮರುಳಾ ಮಗಾ? ಫೋನಿನ ಮುಖ ನೋಡಿಕೊಂಡು ಯಾರಾದರೂ ಹಾಡ್ತಾರಾ?”

ಒತ್ತಾಯಿಸಿದೆ. ಒಂದು ಸಾಲು ಹಾಡಿ ನಿಂತಳು. ಮುಂದಿನದು ಬರಲಿಲ್ಲ. “ಕೈ ಸುಮ್ಮನೆ ಕೂತಿದೆ ಅಲ್ವಾ, ಅದಕ್ಕೇ ಬಾಯಿಗೆ ಬರೂದಿಲ್ಲ,” ಎಂದಳು.

ಮರುದಿನ ಬುಟ್ಟಿ ತುಂಬ ಸಿಪ್ಪೆಯ ಗೇರುಬೀಜ ತಂದೆ. ಅಕ್ಕ ಅವುಗಳನ್ನು ಅಂಗಳದ ಒಲೆಯಲ್ಲಿ ಬೇಯಿಸಿ ಒಣಗಿಸಿದಳು. ಅಮ್ಮನ ಜೊತೆ ಕೆಲಸ ಮಾಡಿದ್ದ ಸುಶೀಲಕ್ಕ ಹತ್ತಿರದಲ್ಲೇ ಇದ್ದರು, ಅವರನ್ನೂ ಕರೆದೆ. ಇಬ್ಬರೂ ಕಾಲು ಚಾಚಿ ಕುಳಿತರು. ಮರದ ಕೊಡತಿಯ ಸದ್ದು ಶುರುವಾಯಿತು. ನಾಲ್ಕು ಬೀಜ ಒಡೆಯುವಷ್ಟರಲ್ಲಿ ಹಾಡು ತಾನಾಗಿ ಬಂತು. ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು ಎತ್ತಿಕೊಂಡರು. ಕಾರ್ಖಾನೆಯ ಗಂಟೆಯ ಮೇಲೆ, ಮೇಸ್ತ್ರಿಯ ಮೀಸೆಯ ಮೇಲೆ ಹಾಡು. ಅಮ್ಮ ಇಷ್ಟು ತಮಾಷೆಯವಳೆಂದು ನನಗೆ ಗೊತ್ತೇ ಇರಲಿಲ್ಲ. ಆಮೇಲೆ ದನಿ ಇಳಿಸಿ ಇದನ್ನು ಹಾಡಿದರು:

ಕೈ ಕಪ್ಪಾಯಿತು ನನ್ನದು, ಮಗನ ಅಂಗಿ ಬಿಳಿಯುಂಟು;
ದಾರಿಯಲಿ ಸಿಕ್ಕಿದರೆ ಕರೆಯೆನು, ನೋಡಿ ಹೋಗುವೆನು.

ಸುಶೀಲಕ್ಕ ಒಮ್ಮೆ ನನ್ನ ಮುಖ ನೋಡಿ ಬೇಗ ತಲೆ ತಗ್ಗಿಸಿದರು. ಹಾಡು ಮುಗಿದ ಮೇಲೆ ಕೇಳಿದೆ, “ಇದು ಯಾರು ಕಟ್ಟಿದ್ದು?”

“ನಾನೇ,” ಎಂದಳು ಅಮ್ಮ, ಕೈ ನಿಲ್ಲಿಸದೆ. “ನಿನ್ನ ಮೇಲೆ ಸಿಟ್ಟಿನಿಂದ ಅಲ್ಲ ಮಾರಾಯ. ನೀನು ಆ ಬೋರ್ಡು ಓದಿದ ಮರುದಿನ ಎಲ್ಲರೂ ಹಾಡಿದರು. ಎಲ್ಲರಿಗೂ ಶಾಲೆಗೆ ಹೋಗುವ ಮಕ್ಕಳಿದ್ದರಲ್ಲ!”

ನಾನು ಒಂದು ಕೊಡತಿ ತೆಗೆದುಕೊಂಡು ಅವಳ ಪಕ್ಕದಲ್ಲಿ ಕುಳಿತೆ. “ಎಣ್ಣೆ ಹಚ್ಚದೆ ಮುಟ್ಟಬೇಡ, ಸುಡ್ತದೆ,” ಎಂದು ನನ್ನ ಎರಡೂ ಅಂಗೈಗೆ ಎಣ್ಣೆ ಸವರಿದಳು. ನಾನು ಒಡೆದ ಬೀಜದಲ್ಲಿ ಇಡಿಯಾಗಿ ಬಂದದ್ದು ಒಂದೂ ಇರಲಿಲ್ಲ. ಇಬ್ಬರೂ ಮುದುಕಿಯರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಫೋನು ಅದನ್ನೆಲ್ಲ ಹಿಡಿದುಕೊಂಡಿತು.

ರಜೆ ಮುಗಿಸಿ ಬಸ್ಸು ಹತ್ತಿದಾಗ ವಾಲ್ಟರ್ ಮೊದಲು ನೋಡಿದ್ದು ಸುಟ್ಟು ಕಪ್ಪಾದ ನನ್ನ ಬೆರಳುಗಳನ್ನು. “ಏನಿದು? ಗ್ಲೌಸ್ ಹಾಕಲಿಲ್ಲವೇ?” ಅವರ ಕೆಲಸವೇ ಅದಲ್ಲವೇ! ನಾನು ಅವರ ಕಿವಿಗೆ ಹಾಡು ಕೊಟ್ಟೆ. ಒಂದೊಂದು ಸಾಲನ್ನೂ ಇಂಗ್ಲಿಷಿನಲ್ಲಿ ಹೇಳುತ್ತಾ ಬಂದೆ. ಮಗನ ಅಂಗಿಯ ಸಾಲಿಗೆ ಬಂದಾಗ, “ಆ ಮಗ ನಾನು. ನನ್ನ ತಾಯಿ ಟೀಚರ್ ಆಗಿರಲಿಲ್ಲ,” ಎಂದೆ.

ಅವರು ಹಾಡನ್ನು ಕೊನೆಯವರೆಗೆ, ನಗುವಿನವರೆಗೆ ಕೇಳಿದರು. ಆಮೇಲೆ ಅಂದರು, “ನಾನು ಅಷ್ಟು ಅತ್ತರೂ ನನ್ನ ತಾಯಿ ಹಾಡು ನಿಲ್ಲಿಸಲಿಲ್ಲ, ಎತ್ತಿಕೊಳ್ಳಲಿಲ್ಲ ಎಂದು ತುಂಬ ವರ್ಷ ಸಿಟ್ಟಿತ್ತು. ನೀನು ಪುಣ್ಯವಂತ. ಕೇಳಿದರೆ ಉತ್ತರ ಹೇಳುವುದಕ್ಕೆ ನಿನ್ನ ತಾಯಿ ಇದ್ದಾರೆ.”

ಮಂಜು ಕರಗುತ್ತಿತ್ತು. ಪ್ಲಾಂಟಿನ ಗೇಟು ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ. ಡ್ರೈವರ್ “ಯಲ್ಲಾ, ಯಲ್ಲಾ” ಎಂದು ಅರಬಿಯಲ್ಲಿ ಅವಸರಪಡಿಸಿ ಇಳಿಸಿದ.

ವಾಲ್ಟರ್ ನಿವೃತ್ತರಾಗಿ ಹೋದರು. ಅಮ್ಮ ಎರಡು ವರ್ಷದ ಹಿಂದೆ ತೀರಿಕೊಂಡಳು. ಅಕ್ಕನ ಮಕ್ಕಳ ಫೋನಿನಲ್ಲೆಲ್ಲ ಅವಳ ದನಿ ಇದೆ; ಯಾರಿಗೆ ಬೇಕಾದರೂ ಕಳಿಸುತ್ತಾರೆ.

ಮೊನ್ನೆ ಶೀರಾ ತಿಂದು ಕೈ ತೊಳೆಯಲು ಒಳಗೆ ಹೋದೆ. ಪಾತ್ರೆ ತಿಕ್ಕುತ್ತಿದ್ದ ನಡುವಯಸ್ಸಿನ ನೇಪಾಳದವನೊಬ್ಬ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದ. ಯಾವ ಹಾಡು ಎಂದು ಹಿಂದಿಯಲ್ಲಿ ಕೇಳಿದೆ. “ಕುಛ್ ನಹೀ ಸಾಬ್,” ಎಂದು ನಾಚಿ ನಿಲ್ಲಿಸಿಬಿಟ್ಟ. ಫೋನು ತೆಗೆಯುವ ಮನಸ್ಸಾದರೂ ತೆಗೆಯಲಿಲ್ಲ. ಅವನಿಗೆ ಬೆನ್ನು ಹಾಕಿ, ನಲ್ಲಿಯ ಕೆಳಗೆ ಕೈಗಳನ್ನು ಬೇಕೆಂದೇ ನಿಧಾನವಾಗಿ ತೊಳೆಯುತ್ತಾ ನಿಂತೆ. ಸ್ವಲ್ಪ ಹೊತ್ತಿಗೆ ಬೋಗುಣಿಯ ಸದ್ದಿನ ನಡುವೆ ಅವನ ಹಾಡು ಮತ್ತೆ ಶುರುವಾಯಿತು.