ಡಿಫ್‌ಗೆ ಸುತ್ತಿದ ಕೂದಲು

ಚಂದ್ರಾಮನಿಗೆ ತನ್ನ ಕೆಲಸವೆಂದರೆ ಮೊದಲಿನಿಂದಲೂ ಹೇಸಿಗೆ. ಗೋರೆಗಾಂವ್‌ನಲ್ಲಿ ಮನೀಶ್ ಸೇಠ್ ನಡೆಸುವ ವರ್ಕ್‌ಶಾಪಿನಲ್ಲಿ ಅವನು ರಿಮೋಟ್ ಕಾರು ರಿಪೇರಿ ಮಾಡುತ್ತಿದ್ದ. ಮಕ್ಕಳಾಟದ ಕಾರುಗಳಲ್ಲ, ಕುರಿಮರಿಯಷ್ಟು ದೊಡ್ಡವು, ಪೆಟ್ರೋಲ್ ಕುಡಿದು ಸ್ಕೂಟರನ್ನೂ ಹಿಂದೆ ಹಾಕುವಂಥವು. ಅವನ ಪಾಲಿಗೆ ಬಂದದ್ದು ಅವುಗಳ ಡಿಫರೆನ್ಷಿಯಲ್. ಎಲ್ಲರೂ 'ಡಿಫ್' ಅನ್ನುವ ಆ ಗೇರಿನ ಡಬ್ಬಿ ಮುಷ್ಟಿಯಷ್ಟಿರುತ್ತದೆ. ಕಾರು ತಿರುಗುವಾಗ ಹೊರಗಿನ ಗಾಲಿ ಹೆಚ್ಚು ಓಡಬೇಕು, ಒಳಗಿನದು ಕಡಿಮೆ. ಆ ಸಡಿಲು ಕೊಡುವುದು ಅದೇ. ಮುಂಗಾಲಿಗಳ ನಡುವಿನ ಡಿಫ್‌ನೊಳಗೆ ಎಣ್ಣೆ ತೆಳುವಿದ್ದರೆ ಕಾರು ಸಲೀಸಾಗಿ ಹೊರಳುತ್ತದೆ. ಅಂಟಿನಷ್ಟು ಮಂದವಾದರೆ ಮೊಂಡು ಎತ್ತಿನ ಹಾಗೆ ನೆಟ್ಟಗೇ ನುಗ್ಗುತ್ತದೆ.

ಬಹಳ ದಿನ ಬಿಚ್ಚದ ಡಿಫ್ ಬಿಚ್ಚಿದರೆ ಮೂಗು ಮುಚ್ಚಿಕೊಳ್ಳಬೇಕು. ಒಳಗಿನ ಎಣ್ಣೆ ಬೂದು ಲೋಳೆಯಾಗಿ, ಕಬ್ಬಿಣದ ಪುಡಿ ಕಲೆತು, ಕೊಳೆತ ಮೀನಿನ ಹಾಗೆ ನಾರುತ್ತಿತ್ತು. ದಹಿಸರ್‌ನಲ್ಲಿ ಖಾಡಿಯ, ಅಂದರೆ ಕೊಳಚೆ ತುಂಬಿದ ಹಿನ್ನೀರಿನ, ಪಕ್ಕದ ಬಯಲಲ್ಲಿ ಓಡಿಸಿ ತಂದ ಕಾರಾದರೆ ಅದರ ಮೇಲೆ ಊರಿನ ಹೊಲಸೆಲ್ಲ. ಧಾರಾವಿಯ ಮನೆಗೆ ಬಂದು ಊಟಕ್ಕೆ ಕೂತರೆ ರೊಟ್ಟಿಗೂ ಅದೇ ವಾಸನೆ ಹತ್ತಿದಂತಾಗಿ ಮತ್ತೆ ನಲ್ಲಿಗೆ ಎದ್ದು ಹೋಗುತ್ತಿದ್ದ.

"ಎಷ್ಟ್ ತಿಕ್ತೀರಿ? ಚರ್ಮಾ ಸುಲದ್ ಬಂದೀತು," ಎಂದು ಹೆಂಡತಿ ಮಹಾದೇವಿ ಬೈಯುತ್ತಿದ್ದಳು.

ಒಂದು ಸೋಮವಾರ ಬೆಳಿಗ್ಗೆ ಅಕ್ಷಯ ಬಂದ. ಉಡುಪಿ ಕಡೆಯ ಹೋಟೆಲ್ ಮಾಲಿಕರ ಮಗ, ಕನ್ನಡ ತಡವರಿಸಿ ಆಡುವವನು. ಕಾರನ್ನು ಮೇಜಿನ ಮೇಲಿಟ್ಟು, "ಮುಂದಿನ ಡಿಫ್ ಜಾಮ್ ಆಗಿದೆ ಭಾವು. ಸಾಫ್ ಮಾಡಿ, ಪತ್ಲಾ, ತೆಳು ಆಯಿಲ್ ಹಾಕಿ. ಟರ್ನಿಂಗ್ ಏಕ್‌ದಂ ಫಾಸ್ಟ್ ಬೇಕು," ಎಂದ.

ಚಂದ್ರಾಮ ಗಾಲಿ ಬಿಚ್ಚಿದ. ಡಿಫ್‌ನಿಂದ ಹೊರಡುವ ಸರಳಿನ ಸುತ್ತ ಕಂದು ಕೂದಲು ಹಗ್ಗದಂತೆ ಹೊಸೆದುಕೊಂಡಿತ್ತು. ಕೂದಲಿನ ಬುಡದಲ್ಲಿ ಒಣಗಿದ ರಕ್ತ, ಅದಕ್ಕಂಟಿ ಚರ್ಮದ ಒಂದು ಚೂರು.

"ಏನಿದು?"

"ಅರೇ, ಪಿಲ್ಲಾ. ನಾಯಿದು." ಅಕ್ಷಯ ನಕ್ಕ. "ಬಯಲಲ್ಲಿ ಇರ್ತಾವಲ್ಲ, ನಾವು ಹಿಂದೆ ಗಾಡಿ ಬಿಡ್ತೇವೆ. ಸಾಲಾ, ಟರ್ನ್ ಹೊಡೆದು ತಪ್ಪಿಸ್ಕೊಳ್ತಾವೆ."

ಚಂದ್ರಾಮ ಹೊರಗೋಡಿ ಗಟಾರಕ್ಕೆ ವಾಂತಿ ಮಾಡಿದ. ಬಾಯಿ ಒರೆಸಿಕೊಂಡು ಒಳಗೆ ಬಂದು ಸೇಠ್‌ಗೆ ಹೇಳಿದ. ದಿನಾ ಪಾರಿವಾಳಕ್ಕೆ ಕಾಳು ಹಾಕದೆ ಚಹಾ ಕುಡಿಯದ ಸೇಠ್, ಮೊಬೈಲಿನಿಂದ ಕಣ್ಣೆತ್ತದೆ, "ಕುತ್ತಾ ಹೀ ತೋ ಹೈ. ಕಾಮ್ ಕರೋ," ಎಂದ. ನಾಯಿ ತಾನೇ, ಕೆಲಸ ನೋಡು ಅನ್ನುವ ಮಾತು.

ಚಂದ್ರಾಮ ಚಿಮಟಿಗೆಯಿಂದ ಒಂದೊಂದೇ ಕೂದಲು ಕಿತ್ತ. ಗೇರುಗಳನ್ನು ಪೆಟ್ರೋಲಿನಲ್ಲಿ ತೊಳೆದ. ಆಮೇಲೆ ಕಪಾಟಿನಲ್ಲಿದ್ದ ಎಲ್ಲಕ್ಕಿಂತ ಮಂದ ಎಣ್ಣೆಯನ್ನು, ಬಾಟಲಿ ಮಗುಚಿದರೂ ಬೀಳದಂಥದ್ದನ್ನು, ಮುಂದಿನ ಡಿಫ್‌ಗೆ ತುಂಬಿ ಮುಚ್ಚಿದ. ಯಾರಿಗೂ ಹೇಳಲಿಲ್ಲ.

ಮುಂದಿನ ಸೋಮವಾರ ಕಾರು ವಾಪಸು ಬಂದಾಗ ಅದರಿಂದ ಕರಿ ನೀರು ತೊಟ್ಟಿಕ್ಕುತ್ತಿತ್ತು. ಬಯಲಲ್ಲಿ ಮತ್ತೆ ಬೆನ್ನಟ್ಟಿದಾಗ ನಾಯಿಮರಿಯೊಂದು ಪಕ್ಕಕ್ಕೆ ಹೊರಳಿತ್ತು, ಕಾರು ಹೊರಳದೆ ನೆಟ್ಟಗೆ ಖಾಡಿಗೆ ಬಿದ್ದಿತ್ತು.

"ಏನು ಹಾಕಿದ್ದೀ ಇದರಲ್ಲಿ?" ಅಕ್ಷಯ ಕಿರುಚಿದ.

"ಅಂಟಿನಂಥಾ ಎಣ್ಣಿ ಹಾಕೀನಿ. ಬೇಕಂತ್ಲೇ ಹಾಕೀನಿ."

ಸೇಠ್ ಕೆಂಪಗಾದ. ಮಾಫಿ ಕೇಳಬೇಕು, ಈಗಲೇ ತೊಳೆದು ತೆಳು ಎಣ್ಣೆ ಹಾಕಿ ಕೊಡಬೇಕು ಎಂದ. ಚಂದ್ರಾಮ ಖಾಡಿಯ ರೊಚ್ಚು ಮೆತ್ತಿದ ಕಾರನ್ನೂ ಸೇಠ್‌ನ ಮುಖವನ್ನೂ ನೋಡಿದ. ಕಾರನ್ನಾದರೂ ಮುಟ್ಟಬಹುದು, ಈ ಮನುಷ್ಯನನ್ನಲ್ಲ ಅನ್ನಿಸಿತು.

"ನನ್ ಕೈಲೆ ಆಗಂಗಿಲ್ರೀ. ಹೇಸಿಗಿ ಬರ್ತದ," ಎಂದು ಏಪ್ರನ್ ಬಿಚ್ಚಿಟ್ಟು ಹೊರಟ.

ಮರುದಿನ ಮಹಾದೇವಿಯನ್ನು ಕರೆದುಕೊಂಡು ಲೋಕಲ್ ರೈಲು ಹಿಡಿದು, ಗಾಲಿಗೆ ಸಿಕ್ಕಿದ್ದ ಮರಿಯನ್ನು ಹುಡುಕುತ್ತ ದಹಿಸರ್‌ಗೆ ಹೋದ. ಬಯಲಂಚಿನ ಚಹಾದಂಗಡಿಯವಳು ಕೈಗಾಡಿಯ ಕೆಳಗೆ ಬೆರಳು ತೋರಿಸಿದಳು. ಕಂದು ಮರಿಯೊಂದು ಅಲ್ಲಿ ಮುದುಡಿ ಬಿದ್ದಿತ್ತು. ಹಿಂಗಾಲಿನ ಚರ್ಮ ಹರಿದು, ಗಾಯ ಕೀವುಗಟ್ಟಿ, ಅದರೊಳಗೆ ಬಿಳಿ ಹುಳುಗಳು ಮಿಜಿಮಿಜಿ ಎನ್ನುತ್ತಿದ್ದವು.

"ಅಯ್ಯಯ್ಯ ಶಿವನ! ನಿಮ್ ಕೈಲೆ ಆಗಂಗಿಲ್ಲ, ಅತ್ತಾಗ ಸರೀರಿ," ಎಂದಳು ಮಹಾದೇವಿ.

"ನೀ ಗಟ್ಟಿ ಹಿಡಿ ಅದನ್ನ."

ಅವಳು ಸೆರಗಿನಲ್ಲಿ ಮರಿಯನ್ನು ಒತ್ತಿ ಹಿಡಿದಳು. ಅವನು ಕಡ್ಡಿಯಿಂದ ಹುಳು ತೆಗೆಯತೊಡಗಿದ. ನಡುನಡುವೆ ಎದ್ದು ಹೋಗಿ ಓಕರಿಸಿ, ಮತ್ತೆ ಬಂದು ಕೂತು ತೆಗೆದ. ಔಷಧಿ ಅಂಗಡಿಯ ಪುಡಿ ಉದುರಿಸಿ ಬಟ್ಟೆ ಕಟ್ಟಿದ. ಗಾಯ ಮಾಯುವವರೆಗೂ ಅವರು ಹೋಗಿ ಬರುತ್ತಿದ್ದರು.

ಮರಿ ಉಳಿಯಿತು, ಕಾಲು ಕುಂಟಾಯಿತು. ಚಂದ್ರಾಮ ಈಗ ಧಾರಾವಿಯಲ್ಲೇ ಆಟೋ ಗ್ಯಾರೇಜಿನಲ್ಲಿದ್ದಾನೆ. ಮರಿಯನ್ನು ಮನೆಗೆ ತರೋಣವೆಂದು ಮಹಾದೇವಿ ಎಷ್ಟೋ ಸಲ ಹೇಳಿದಳು. ಅವನು ಒಪ್ಪಲಿಲ್ಲ. ನಾಯಿಯ ಜೊಲ್ಲು ಕಂಡರೆ ಅವನಿಗೆ ಆಗುವುದಿಲ್ಲ.