ಗೆರೆಗಿಂತ ಎರಡು ಬೆರಳು ಕಡಿಮೆ

ಮಿರಜಿನಲ್ಲಿ ನನ್ನದೊಂದು ರವಿಕೆ ಹೊಲಿಯುವ ಅಂಗಡಿ. ಕಳೆದ ಬೇಸಿಗೆಯಲ್ಲಿ ಹೆಂಡತಿ, ಮಗಳ ಜೊತೆ ಸಾಂಗ್ಲಿ ಹತ್ತಿರದ ನೀರಾಟದ ಪಾರ್ಕಿಗೆ ಹೋಗಿದ್ದೆ. ಸುತ್ತ ನೀರಿನ ಸದ್ದು, ಸಂಜೆಯ ಹಳದಿ ಬಿಸಿಲು. ಆಕಾಶಕ್ಕೆ ತೂಗುತ್ತಿದ್ದ ದೊಡ್ಡ ದೋಣಿಯಾಕಾರದ ಉಯ್ಯಾಲೆಯನ್ನು ನೋಡುತ್ತ ಮಗಳು ಮೈಮರೆತು ನಿಂತಿದ್ದಳು. ನಮ್ಮ ಸರದಿ ಬಂದಾಗ, ಬಾಗಿಲ ಕಂಬದ ಮೇಲಿದ್ದ ಎತ್ತರದ ಗೆರೆಗಿಂತ ಅವಳು ಎರಡು ಬೆರಳು ಕಡಿಮೆ.

"ಬಿಡ್ರಿ ಅಕ್ಕಾ, ನಾ ಹಿಡಕೊಂಡು ಕುಂದರ್ತೀನಿ," ಎಂದೆ.

"ಆಗೂದಿಲ್ರಿ," ಎಂದಳು ದೋಣಿ ನಡೆಸುವಾಕೆ. ಮಗಳ ಕಣ್ಣು ತುಂಬಿತು. ಆಕೆ ಬಗ್ಗಿ, "ಕೂಸೇ, ನೀ ಗಂಟಿ ಬಾರಿಸದ ಹೊರತು ಈ ದೋಣಿ ಹೊಂಡೂದಿಲ್ಲ ನೋಡು," ಎಂದು ಗಂಟೆಯ ಹಗ್ಗವನ್ನು ಅವಳ ಕೈಗಿಟ್ಟಳು.

ಮಗಳು ಗಂಟೆ ಬಾರಿಸಿದಳು. ದೋಣಿ ನಿಧಾನಕ್ಕೆ ತೂಗತೊಡಗಿತು. ಕುಳಿತವರೆಲ್ಲ ಅವಳಿಗೆ ಕೈಬೀಸಿದರು. ನೆಲದ ಮೇಲೆ ನಿಂತೇ ಅವಳು ಹಾರುತ್ತಿರುವಂತೆ ನಕ್ಕಳು.

ನನಗೆ ಅಂಗಡಿ ನೆನಪಾಯಿತು. ಅರ್ಜೆಂಟ್ ಎಂದು ಬಂದವರನ್ನು ತಲೆ ಎತ್ತದೆ "ಆಗೂದಿಲ್ಲ" ಎಂದು ಕಳಿಸುತ್ತಿದ್ದೆ. ಅವರ ಮುಖ ಹೇಗಾಗುತ್ತಿತ್ತೋ, ನೋಡಿರಲೇ ಇಲ್ಲ.

ಸೋಮವಾರ ಚಿಕ್ಕಮ್ಮನ ವಯಸ್ಸಿನ ಮಾವಶಿಯೊಬ್ಬರು ನಾಳೆಯೇ ಹೊಸ ರವಿಕೆ ಬೇಕೆಂದು ಬಂದರು. "ನಾಳೆಗೆ ಆಗೂದಿಲ್ಲ ಮಾವಶಿ. ಆದ್ರೂ ಬರ್ರಿ, ಕುಂದ್ರಿ," ಎಂದು ಚಹಾ ತರಿಸಿದೆ. ಅವರು ಚೀಲದಲ್ಲಿ ತಂದಿದ್ದ ಬಿಗಿಯಾದ ಹಳೇ ರವಿಕೆಯ ಹೊಲಿಗೆ ಬಿಚ್ಚಿ ಸಡಿಲಿಸಿಕೊಟ್ಟೆ. ಖುಷಿಯಿಂದ ಹೋದರು.

ಮರುದಿನ ಅವರ ಓಣಿಯ ಏಳು ಮಂದಿ ಹಳೇ ರವಿಕೆ ಹಿಡಿದುಕೊಂಡು ಬಂದು ಕುಂತರು. ಚಹಾ ಯಾವಾಗ ಬರುತ್ತದೆಂದು ಒಬ್ಬರು ಕೇಳಿಯೂಬಿಟ್ಟರು.